ಕೇಬಲ್ಲು ಬಿಟ್ಟ ಮೇಲೆ

ನಮ್ಮ ಮನೆಯ ಕೇಬಲ್ಲು ಬಿಡಿಸಿ ಎರಡು ವರ್ಷದ ಮೇಲಾಯಿತು. 2023ರ ಮಾರ್ಚ್ ತಿಂಗಳು. ಡಬ್ಬಿ ಬಿಚ್ಚಿಕೊಂಡು ಹೋಗಲು ಬಂದ ಹುಡುಗ, "ಯಾಕಮ್ಮಾ, ಡಿಶ್ ಹಾಕಿಸ್ತೀರಾ?" ಎಂದು ಕೇಳಿದ. "ಇಲ್ಲಪ್ಪಾ, ಇನ್ನು ಇಂಟರ್ನೆಟ್ಟಿನಲ್ಲೇ ನೋಡ್ತೀವಿ" ಎಂದೆ. ಹೇಳುವಾಗ ದನಿಯಲ್ಲಿ ಸ್ವಲ್ಪ ಜಂಬವೂ ಇತ್ತೇನೋ. ಹುಡುಗ ವೈರು ಸುತ್ತಿಕೊಂಡು ಹೊರಟ. ಹಾಲಿನ ಮೂಲೆಯಲ್ಲಿ ಕೂತಿದ್ದ ನಮ್ಮತ್ತೆ ಆ ವೈರನ್ನೇ ನೋಡುತ್ತಿದ್ದರು. ಏನೂ ಮಾತಾಡಲಿಲ್ಲ. ಎಂಬತ್ತು ದಾಟಿದ ಅವರು ನಮ್ಮ ಸಂಸಾರದ ದೊಡ್ಡ ತೀರ್ಮಾನಗಳಲ್ಲಿ ಮಾತಾಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಇದು ದೊಡ್ಡ ತೀರ್ಮಾನ ಎಂದು ನನಗೆ ಆಗ ಹೊಳೆದೂ ಇರಲಿಲ್ಲ.

ಟೀವಿಯ ಮುಂದೆ ಹೆಂಗಸರ ಜಾಗ ಯಾವುದು ಎಂಬ ಪ್ರಶ್ನೆ ನನಗೆ ಹೊಸದಲ್ಲ. 1987ರಲ್ಲಿ ರಮಾನಂದ ಸಾಗರರ 'ರಾಮಾಯಣ' ಶುರುವಾದಾಗ ನಾನು ಹೈಸ್ಕೂಲಿನ ಹುಡುಗಿ. ನಮ್ಮ ತವರಿನ ಬೀದಿಗೆಲ್ಲ ಒಂದೇ ಟೀವಿ. ಭಾನುವಾರ ಬೆಳಿಗ್ಗೆ ಆ ಮನೆಯ ಪಡಸಾಲೆಯಲ್ಲಿ ಗಂಡಸರಿಗೆ ಕುರ್ಚಿ, ಮಕ್ಕಳಿಗೆ ಚಾಪೆ. ಹೆಂಗಸರು ಮಾತ್ರ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು. ಒಲೆಯ ಮೇಲೆ ಏನೋ ಇರುತ್ತಿತ್ತಲ್ಲ! ಒಂದು ಕಣ್ಣು ಸೀತೆಯ ಮೇಲೆ, ಒಂದು ಕಣ್ಣು ಸಾರಿನ ಮೇಲೆ. ಆಮೇಲೆ ಪ್ರತಿ ಮನೆಗೂ ಟೀವಿ ಬಂತು, ಬಣ್ಣ ಬಂತು, 1994ರಲ್ಲಿ ಉದಯ ಟೀವಿ ಬಂತು, 2000ದ ಕೊನೆಗೆ ಈಟೀವಿ ಕನ್ನಡ ಬಂತು. ಆದರೆ ಬಾಗಿಲಿಗೆ ಒರಗಿ ನಿಲ್ಲುವುದು ಮಾತ್ರ ಹೋಗಲಿಲ್ಲ. ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ನಾನೂ ಹಾಗೇ ನಿಂತೆ, ಇಪ್ಪತ್ತೈದು ವರ್ಷ.

ಅದು ನನಗೆ ಅರಿವಾದದ್ದು 2019ರ ಫೆಬ್ರವರಿಯಲ್ಲಿ. ಟ್ರಾಯ್‌ನವರ ಹೊಸ ನಿಯಮ ಜಾರಿಗೆ ಬಂದ ಕಾಲ. ಬೇಕಾದ ಚಾನೆಲ್ಲುಗಳನ್ನು ನಾವೇ ಆರಿಸಿಕೊಳ್ಳಬೇಕು. ಮೊದಲ ನೂರು ಚಾನೆಲ್ಲಿಗೆ ಹೆಚ್ಚೆಂದರೆ 130 ರೂಪಾಯಿ, ಅದರ ಮೇಲೆ ತೆರಿಗೆ ಸೇರಿ 153 ರೂಪಾಯಿ 40 ಪೈಸೆ, ದುಡ್ಡಿನ ಚಾನೆಲ್ಲಿಗೆ ಬೇರೆ ಲೆಕ್ಕ. ಕೇಬಲ್ಲಿನವರು ಒಂದು ಉದ್ದನೆಯ ಪಟ್ಟಿ ಕೊಟ್ಟು, ಗುರುತು ಹಾಕಿ ಕೊಡಿ ಎಂದರು. ಮನೆಯ ದಿನಸಿ ಚೀಟಿ ಬರೆಯುವವಳು ನಾನೇ ಆದ್ದರಿಂದ ಇದೂ ನನ್ನ ಪಾಲಿಗೇ ಬಂತು. ಅತ್ತೆಗೆ ಧಾರಾವಾಹಿಯ ಎರಡು ಚಾನೆಲ್ಲು. ನಮ್ಮ ಯಜಮಾನರಿಗೆ ಕ್ರಿಕೆಟ್ಟು ಮತ್ತು ಸುದ್ದಿ. ಮಗನಿಗೆ ಇಂಗ್ಲಿಷ್ ಸಿನಿಮಾ. ಮಗಳಿಗೆ ಹಾಡು. ಕೂಡಿಸಿ ಲೆಕ್ಕ ಹಾಕಿದೆ. ಆಮೇಲೆ, ನನಗೆ? ಪೆನ್ನು ಹಿಡಿದು ಎಷ್ಟು ಹೊತ್ತು ಕೂತರೂ ಒಂದು ಹೆಸರೂ ಹೊಳೆಯಲಿಲ್ಲ. ನನಗೆ ಏನು ಇಷ್ಟ ಎಂದು ಯಾರೂ ಕೇಳಿರಲಿಲ್ಲ ಎಂದು ದೂರುವುದು ಸುಲಭ. ನಾನೇ ಕೇಳಿಕೊಂಡಿರಲಿಲ್ಲ ಎನ್ನುವುದು ಹೆಚ್ಚು ನಿಜ.

ಹಾಗಾಗಿ ಮಗ ಬೆಂಗಳೂರಿನಿಂದ ಬಂದು, "ಅಮ್ಮಾ, ಈ ಕೇಬಲ್ಲು ಯಾಕೆ ದಂಡಕ್ಕೆ? ಬ್ರಾಡ್‌ಬ್ಯಾಂಡ್ ಹಾಕಿಸಿ ಎರಡು ಆ್ಯಪ್ ಹಾಕ್ಕೊಂಡ್ರೆ ಸಾಕು" ಎಂದಾಗ ಬೇಡ ಎನ್ನಲು ನನಗೆ ಕಾರಣವಿರಲಿಲ್ಲ. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸು, ಡಿಸೆಂಬರಿನಲ್ಲಿ ಅಮೆಜಾನ್ ಪ್ರೈಮು ನಮ್ಮ ದೇಶಕ್ಕೆ ಬಂದಿದ್ದವು. ಅದೇ ವರ್ಷ ಜಿಯೋ ಬಂದು ಇಂಟರ್ನೆಟ್ಟು ಅಗ್ಗವಾಗಿತ್ತು. 2020ರ ಜುಲೈನಲ್ಲಿ, ಕೊರೋನಾದಿಂದ ಚಿತ್ರಮಂದಿರಗಳೆಲ್ಲ ಮುಚ್ಚಿದ್ದಾಗ, 'ಲಾ' ಮತ್ತು 'ಫ್ರೆಂಚ್ ಬಿರಿಯಾನಿ' ಎಂಬ ಎರಡು ಕನ್ನಡ ಚಿತ್ರಗಳು ನೇರವಾಗಿ ಮನೆಗೇ ಬಂದಿದ್ದವು. ಊರೆಲ್ಲ ಆ ಕಡೆಗೆ ಹೊರಟಿತ್ತು, ನಾವೂ ಹೊರಟೆವು.

ಮಗ ಎಲ್ಲ ಜೋಡಿಸಿ ಹೋದ ದಿನ ರಾತ್ರಿ ಆ್ಯಪ್ ತೆರೆದರೆ, ನೋಡುತ್ತಿರುವವರು ಯಾರು ಎಂದು ಅದು ಕೇಳಿತು. ಚೌಕಗಳಲ್ಲಿ ಮಗನ ಹೆಸರು, ಅವರ ಅಪ್ಪನ ಹೆಸರು, ತಂಗಿಯ ಹೆಸರು. ನನ್ನದಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಪಾಪ. ಮರೆತಿದ್ದ. ನಾನೇ ಒದ್ದಾಡಿಕೊಂಡು ಇನ್ನೊಂದು ಚೌಕ ಮಾಡಿ ಒಂದೊಂದೇ ಅಕ್ಷರ ಒತ್ತಿ ನನ್ನ ಹೆಸರು ಬರೆದೆ. ಆ ರಾತ್ರಿ ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ಎಲ್ಲರೂ ಮಲಗಿದ ಮೇಲೆ, ಮಜೀದ್ ಮಜೀದಿಯ 'ಚಿಲ್ಡ್ರನ್ ಆಫ್ ಹೆವನ್' ಎಂಬ ಇರಾನಿನ ಚಿತ್ರ ನೋಡಿದೆ. 1997ರ ಚಿತ್ರ. ಮೊದಲಿನಿಂದ ಕೊನೆಯವರೆಗೆ, ಕುರ್ಚಿಯಲ್ಲಿ ಕೂತು, ಒಮ್ಮೆಯೂ ಏಳದೆ. ನನಗೆ ಆಗ ಐವತ್ತೊಂದು ವರ್ಷ. ಹೀಗೆ ನೋಡಿದ ಮೊದಲ ಚಿತ್ರ ಅದು ಎಂದರೆ ನನ್ನ ಓರಗೆಯವರು ಯಾರೂ ನಗಲಾರರು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಬಿಡುಗಡೆಯ ಕಥೆ. ಆದರೆ ಮನೆಯಲ್ಲಿ ಇನ್ನೊಬ್ಬ ಹೆಂಗಸಿದ್ದರು.

ಅತ್ತೆ ದಿನಾ ಸಂಜೆ ದೀಪ ಹಚ್ಚಿದ ಮೇಲೆ "ಏಳೂವರೆ ಆಯ್ತೇನೇ?" ಎಂದು ಕೇಳುತ್ತಿದ್ದರು. ಅವರ ಧಾರಾವಾಹಿಯ ಹೊತ್ತು ಅದು. ನಾನು ಅದಕ್ಕೂ ದಾರಿ ಹುಡುಕಿದ್ದೆ. ಧಾರಾವಾಹಿ ಆ್ಯಪಿನಲ್ಲೂ ಸಿಗುತ್ತಿತ್ತು. "ಅತ್ತೆ, ನಿಮಗೆ ಯಾವಾಗ ಬೇಕೋ ಆವಾಗ ಹಾಕಿಕೊಡ್ತೀನಿ, ಜಾಹೀರಾತೂ ಕಡಿಮೆ" ಎಂದೆ. ಅವರು ಎರಡು ದಿನ ನೋಡಿದರು. ಮೂರನೆಯ ದಿನ ಬೇಡವೆಂದರು. "ಯಾವಾಗ ಬೇಕೋ ಆವಾಗ ನೋಡೋದು ಏನು ಚಂದ? ಎಲ್ಲರೂ ನೋಡೋವಾಗ ನೋಡಬೇಕು." ಮೆನುವೆಲ್ಲ ಇಂಗ್ಲಿಷ್ ಅಕ್ಷರ; ಅತ್ತೆಗೆ ಬರುವುದು ಕನ್ನಡ ಮಾತ್ರ. ಹಳೆಯ ರಿಮೋಟಿನಲ್ಲಿ ಮೂರು ಅಂಕಿ ಒತ್ತಿದರೆ ಅವರ ಲೋಕ ತೆರೆದುಕೊಳ್ಳುತ್ತಿತ್ತು. ಈಗ ಪ್ರತಿ ಸಲವೂ ನನ್ನನ್ನೋ ಮಗನನ್ನೋ ಕರೆಯಬೇಕು. ನನಗೊಂದು ಚೌಕ ಸಿಕ್ಕಿದ ಹೊತ್ತಿನಲ್ಲೇ ಅವರ ಮೂರು ಅಂಕಿ ಹೋಯಿತು. ಅವರ ಕೋಣೆಗೆ ಬೇರೆ ಸಣ್ಣ ಟೀವಿ ಇಟ್ಟು ಕೇಬಲ್ಲು ಹಾಕಿಸೋಣವೆಂದರೆ, "ಕೋಣೇಲಿ ಒಬ್ಬಳೇ ಕೂತು ನೋಡೋಕೆ ನಾನೇನು ಆಸ್ಪತ್ರೇಲಿದೀನೇನೇ?" ಎಂದರು. ಮರುದಿನದಿಂದ ಎದುರು ಮನೆಯ ಟೀಚರಮ್ಮನ ಮನೆಗೆ ಹೊರಟರು. ಏಳೂಕಾಲಿಗೆ ಹೋಗುವುದು, ಎಂಟೂವರೆಗೆ ಬರುವುದು. ನನ್ನ ಮನೆಯಲ್ಲಿ ಟೀವಿ ಇರುವಾಗ ನಮ್ಮತ್ತೆ ಇನ್ನೊಬ್ಬರ ಮನೆಗೆ ಟೀವಿ ನೋಡಲು ಹೋಗುವುದು! ಬೀದಿಯವರು ಏನಂದಾರು ಎಂಬ ಚಿಂತೆ ಮೊದಲು ಬಂತು; ಅವರಿಗೆ ಏನು ಕಳೆದುಹೋಗಿದೆ ಎಂಬ ಯೋಚನೆ ಆಮೇಲೆ ಬಂತು. ಈ ಕ್ರಮಕ್ಕೆ ನನಗೆ ಈಗಲೂ ನಾಚಿಕೆಯಿದೆ.

ಧಾರಾವಾಹಿಗಳನ್ನು ನಾನು ಬೇಕಾದಷ್ಟು ಆಡಿಕೊಂಡು ನಕ್ಕಿದ್ದೇನೆ. ಒಂದೇ ಮಾತನ್ನು ಮೂರು ಸಲ ಹೇಳುತ್ತಾರೆ. ಕಪಾಳಕ್ಕೆ ಒಂದೇಟು ಬಿದ್ದರೆ ನಾಲ್ಕು ಮುಖಗಳನ್ನು ತೋರಿಸುತ್ತಾರೆ. ಮನಸ್ಸಿನಲ್ಲಿ ಅಂದುಕೊಳ್ಳುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾರೆ. ಸೊಸೆಗೆ ಕಷ್ಟ ಬಂದರೆ ಮೊದಲು ಸಂಗೀತಕ್ಕೆ ತಿಳಿಯುತ್ತದೆ. ಇದೆಲ್ಲ ಬರೆಯುವವರ ಸೋಮಾರಿತನ ಎಂದೇ ಎಣಿಸಿದ್ದೆ. ವೆಬ್ ಸರಣಿಗಳನ್ನು ನೋಡಲು ತೊಡಗಿದ ಮೇಲೆ ಅಭಿಪ್ರಾಯ ಸ್ವಲ್ಪ ಬದಲಾಯಿತು. ಅವುಗಳಲ್ಲಿ ಪಾತ್ರಗಳು ಸುಮ್ಮನೆ ನೋಡುತ್ತವೆ, ಒಂದು ಚೀಟಿ ಮೇಜಿನ ಮೇಲಿರುತ್ತದೆ, ಬಾಗಿಲು ಅರ್ಧ ತೆರೆದಿರುತ್ತದೆ. ಅದನ್ನು ಕಂಡವರಿಗೆ ಮಾತ್ರ ಕಥೆ. ಭಾಷೆ ಬೇರೆಯಾದರೆ ಕೆಳಗಿನ ಅಕ್ಷರ ಬೇರೆ ಓದಬೇಕು. ಕೈಯಲ್ಲಿ ಚಪಾತಿ ಹಿಟ್ಟಿದ್ದರೆ, ಕುಕ್ಕರಿನ ಸೀಟಿ ಎಣಿಸುತ್ತಿದ್ದರೆ, ಅದು ನಿಮ್ಮ ಪಾಲಿಗಿಲ್ಲ. ಧಾರಾವಾಹಿ ಹಾಗಲ್ಲ. ಅದು ನೋಡುವುದಕ್ಕಿಂತ ಹೆಚ್ಚಾಗಿ ಕೇಳುವ ವಸ್ತು. ಹರಿಕಥೆಯ, ರೇಡಿಯೋ ನಾಟಕದ ಸಂತತಿ. ಅಡಿಗೆಮನೆಯಿಂದ ಕೇಳಿಸಿಕೊಳ್ಳುವವರಿಗಾಗಿ ಮೂರು ಸಲ ಹೇಳುತ್ತಾರೆ, ಒಗ್ಗರಣೆಯ ಸದ್ದಿನಲ್ಲಿ ಮೊದಲನೆಯದು ತಪ್ಪಿಹೋಗುತ್ತದೆಂದು. ಜಾಹೀರಾತಿನ ಹೊತ್ತಿಗೆ ಅನ್ನಕ್ಕೆ ಇಟ್ಟು ಬರಬಹುದು. ಬಾಗಿಲಿಗೆ ಒರಗಿ ನಿಂತವಳನ್ನು ಕಂಡೇ ಮಾಡಿದ ಕಲೆ ಅದು. ಅದರ ಗುಣವೂ ಅದೇ, ದೋಷವೂ ಅದೇ. ಅವಳಿಗೆ ಕಥೆ ಕೇಳಿಸಿತು, ಆದರೆ 'ಬಾ, ಕೂತುಕೋ' ಎಂದು ಮಾತ್ರ ಅದು ಒಮ್ಮೆಯೂ ಹೇಳಲಿಲ್ಲ.

ಇನ್ನೊಂದು ಸಂಗತಿ. 1998ರಲ್ಲಿ ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ' ದೂರದರ್ಶನದಲ್ಲಿ ಬರುತ್ತಿದ್ದಾಗ, ಮರುದಿನ ತರಕಾರಿ ಗಾಡಿಯ ಹತ್ತಿರ ಅದರದ್ದೇ ಚರ್ಚೆ. ಮುಂದೇನಾಗಬೇಕು ಎಂದು ನಾವೇ ತೀರ್ಪು ಕೊಡುತ್ತಿದ್ದೆವು. ಈಚೆಗೆ ಅದನ್ನೇ ಯೂಟ್ಯೂಬಿನಲ್ಲಿ ಸಾಲಾಗಿ ಹತ್ತು ಕಂತು ನೋಡಿದೆ. ನಟನೆ ಈಗಲೂ ಹಿತ. ಆದರೆ ಒಂದು ಕಂತಿಗೂ ಇನ್ನೊಂದಕ್ಕೂ ನಡುವೆ ಇದ್ದ ಆ ಒಂದು ದಿನ ಇರಲಿಲ್ಲ. ಧಾರಾವಾಹಿಯ ಅರ್ಧ ಭಾಗ ನಡೆಯುತ್ತಿದ್ದದ್ದು ಆ ದಿನದಲ್ಲಿ, ನಮ್ಮ ಬಾಯಲ್ಲಿ. 2022ರಲ್ಲಿ ಶುರುವಾದ 'ಶ್ರೀರಸ್ತು ಶುಭಮಸ್ತು'ವಿನಲ್ಲಿ ಬೆಳೆದ ಮಗನಿರುವ ವಿಧವೆ ಮತ್ತೆ ಮದುವೆಯಾದಾಗ, ನಮ್ಮ ಬೀದಿಯಲ್ಲಿ ಅದರ ಬಗ್ಗೆ ಆದ ವಾದ ಯಾವ ಮಹಿಳಾ ಸಮಾಜದ ಭಾಷಣಕ್ಕೂ ಕಡಿಮೆಯದಲ್ಲ. ಯಾರದೋ ಮನೆಯ ಹೆಸರೆತ್ತದೆ, ಯಾರಿಗೂ ನೋವಾಗದೆ, ಆಡಬೇಕಾದ್ದನ್ನು ಆಡಲು ಅದೊಂದು ನೆಪವಾಗಿತ್ತು. ನಾನು ರಾತ್ರಿ ಒಬ್ಬಳೇ ನೋಡುವ ಚಿತ್ರ ಎಷ್ಟೇ ಒಳ್ಳೆಯದಿರಲಿ, ಬೆಳಿಗ್ಗೆ ಅದರ ಬಗ್ಗೆ ಮಾತಾಡಲು ಬೀದಿಯಲ್ಲಿ ಯಾರೂ ಇಲ್ಲ.

ಕನ್ನಡದ ಮಟ್ಟಿಗೆ ಹೊಸ ವ್ಯವಸ್ಥೆಯ ಕೊಡುಗೆಯೂ ಹೇಳಿಕೊಳ್ಳುವಂಥದ್ದಲ್ಲ. ರಕ್ಷಿತ್ ಶೆಟ್ಟಿಯವರ ಸಂಸ್ಥೆಯ 'ಏಕಂ' ಎಂಬ ಕನ್ನಡ ಸರಣಿಯನ್ನು ಯಾವ ದೊಡ್ಡ ವೇದಿಕೆಯೂ ಕೊಳ್ಳಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ಅವರು ತಮ್ಮದೇ ತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಕೇಬಲ್ಲಿನಲ್ಲಿ, ಎಷ್ಟೇ ಎಳೆದಾಡಿದ ಕಥೆಯಾದರೂ, ಪ್ರತಿ ಸಂಜೆ ಹತ್ತಾರು ಕನ್ನಡದ ಹೊಸ ಕಂತುಗಳಿರುತ್ತವೆ. ಇನ್ನು ಜಾಹೀರಾತಿನ ಕಾಟ ತಪ್ಪಿತು ಎಂದು ಹಿಗ್ಗಿದ್ದೆವು. 2025ರ ಜೂನ್‌ನಿಂದ ಪ್ರೈಮಿನಲ್ಲೂ ಜಾಹೀರಾತು ಬಂತು. ಬೇಡವೆಂದರೆ ಮತ್ತಷ್ಟು ದುಡ್ಡು. ಒಂದು ಚಿತ್ರ ಇಲ್ಲಿ, ಇನ್ನೊಂದು ಅಲ್ಲಿ ಎಂದು ಒಂದೊಂದೇ ಆ್ಯಪ್ ಸೇರಿಸುತ್ತ ಹೋದರೆ ಕೇಬಲ್ಲಿನ ಹುಡುಗ ತಿಂಗಳಿಗೊಮ್ಮೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ದುಡ್ಡೇ ಕಡಿಮೆ. ಅವನು ಕೇಳಿಯಾದರೂ ಕೇಳುತ್ತಿದ್ದ. ಇವು ಬ್ಯಾಂಕಿನಿಂದ ತಾವೇ ತೆಗೆದುಕೊಳ್ಳುತ್ತವೆ.

ಆ ವರ್ಷ ಜುಲೈನಲ್ಲಿ ಮಳೆ ಹಿಡಿದಾಗ ಅತ್ತೆಗೆ ಎದುರು ಮನೆಗೆ ಹೋಗಲಾಗಲಿಲ್ಲ. ಜಾರಿ ಬಿದ್ದರೆ ಯಾರು ನೋಡುವುದು? ಸಂಜೆ ಅಡಿಗೆಮನೆಗೆ ಬಂದು ಮಣೆ ಹಾಕಿಕೊಂಡು ಕೂತರು. ನಾನು ಅವರೆಕಾಳು ಹಿಸುಕುತ್ತಿದ್ದೆ. "ಅದೇನೇ, ರಾತ್ರಿ ಎಲ್ಲ ಕೂತು ನೋಡ್ತೀಯಲ್ಲ, ಏನಿರುತ್ತೆ ಅದರಲ್ಲಿ?" ಎಂದರು. ಏನು ಹೇಳುವುದು? ಆ ಇರಾನಿನ ಚಿತ್ರದ ಕಥೆ ಹೇಳಲು ತೊಡಗಿದೆ. ಅಣ್ಣ ತಂಗಿಯ ಚಪ್ಪಲಿ ಕಳೆದುಬಿಡುತ್ತಾನೆ. ಬಡವರು, ಅಪ್ಪನಿಗೆ ಹೇಳುವಂತಿಲ್ಲ. ಬೆಳಿಗ್ಗೆ ತಂಗಿ ಅಣ್ಣನ ಷೂ ಹಾಕಿಕೊಂಡು ಸ್ಕೂಲಿಗೆ ಹೋಗಿ, ಓಡಿ ಬಂದು ಗಲ್ಲಿಯ ತಿರುವಿನಲ್ಲಿ ಬಿಚ್ಚಿ ಕೊಡುತ್ತಾಳೆ. ಅದನ್ನೇ ಹಾಕಿಕೊಂಡು ಅಣ್ಣ ತನ್ನ ಸ್ಕೂಲಿಗೆ ಓಡುತ್ತಾನೆ. ಇಷ್ಟು ಹೇಳುವಷ್ಟರಲ್ಲಿ ಕುಕ್ಕರು ಕೂಗಿತು. ಇವರೂ ಬಂದರು. ಅಲ್ಲಿಗೆ ನಿಂತಿತು.

ಮರುದಿನ ಕಾಫಿಯ ಹೊತ್ತಿಗೇ ಅತ್ತೆ ಕೇಳಿದರು, "ಚಪ್ಪಲಿ ಸಿಕ್ತೇನೇ?" ಮೂರು ಸಂಜೆ ಹೇಳಿ ಮುಗಿಸಿದೆ. ಓಟದ ಪಂದ್ಯದಲ್ಲಿ ಮೂರನೆಯ ಬಹುಮಾನಕ್ಕೆ ಷೂ ಇದೆಯೆಂದು ಓಡಿದ ಹುಡುಗ ಮೊದಲನೆಯವನಾಗಿಬಿಟ್ಟು ಅಳುತ್ತಾನೆ ಎಂದಾಗ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನನಗೂ ನಮ್ಮಕ್ಕನಿಗೂ ಸೇರಿ ಒಂದೇ ಒಳ್ಳೇ ಸೀರೆ ಇತ್ತು ಕಣೇ. ಮದುವೆ ಮನೆಗೆ ಅವಳು ಮಧ್ಯಾಹ್ನ ಉಟ್ಕೊಂಡು ಹೋದ್ರೆ ನಾನು ಆರತಕ್ಷತೆಗೆ. ಒಂದು ಸಲ ಅವಳು ಸಾರು ಚೆಲ್ಲಿಕೊಂಡು ಬಂದಳು. ನಾನು ಹೋಗಲೇ ಇಲ್ಲ" ಎಂದರು. ಈ ಮನೆಗೆ ಬಂದು ಇಪ್ಪತ್ತೊಂಬತ್ತು ವರ್ಷವಾಗಿತ್ತು. ಅವರ ಅಕ್ಕನ ಹೆಸರನ್ನು ನಾನು ಕೇಳಿದ್ದೇ ನಾಲ್ಕೈದು ಸಲವಿರಬೇಕು. ಏಳೂವರೆಯಿಂದ ಎಂಟೂವರೆಯವರೆಗೆ ಇಬ್ಬರೂ ಟೀವಿಯ ಕಡೆ ಮುಖ ಮಾಡಿ ಕಳೆದ ಅಷ್ಟು ಸಂಜೆಗಳಲ್ಲಿ ಈ ಸೀರೆಯ ಮಾತು ಬಂದಿರಲೇ ಇಲ್ಲ.

ಅದಕ್ಕೇ ಕೇಬಲ್ಲನ್ನು ಕಳೆದುಹೋದ ಸ್ವರ್ಗವೆಂದು ಹೊಗಳಲು ನನಗೆ ಮನಸ್ಸಿಲ್ಲ. ಮತ್ತೆ ಹಾಕಿಸುವುದೂ ಇಲ್ಲ. ನನ್ನ ಕುರ್ಚಿಯನ್ನು ನಾನು ಬಿಟ್ಟುಕೊಡಲಾರೆ. ಆದರೆ ಅದರ ಬೆಲೆಯಲ್ಲಿ ಒಂದು ಪಾಲನ್ನು ಕೊಟ್ಟವರು ಅತ್ತೆ, ಅದೂ ಅವರನ್ನು ಕೇಳದೆ, ಎಂಬುದನ್ನು ಮರೆಯಲೂ ಆಗುವುದಿಲ್ಲ. ಕೇಬಲ್ಲು ಬಿಡಿಸಲು ಹೊರಟ ಗೆಳತಿಯರು ನನ್ನನ್ನು ಕೇಳಿದರೆ, ದುಡ್ಡಿನ ಲೆಕ್ಕಕ್ಕಿಂತ ಮೊದಲು ನಿಮ್ಮ ಮನೆಯಲ್ಲಿ ಏಳೂವರೆ ಯಾರದ್ದು ಎಂದು ನೋಡಿಕೊಳ್ಳಿ ಎನ್ನುತ್ತೇನೆ.

ಮಳೆ ಬಿಟ್ಟ ಮೇಲೆ ಅತ್ತೆ ಮತ್ತೆ ಎದುರು ಮನೆಗೆ ಹೋಗತೊಡಗಿದರು. ಈಗಲೂ ಹೋಗುತ್ತಾರೆ. ಬಂದ ಮೇಲೆ, ಊಟಕ್ಕೆ ಬಡಿಸುವಾಗ, ಆ ದಿನದ ಕಂತನ್ನು ನನಗೆ ಹೇಳುತ್ತಾರೆ. ಧಾರಾವಾಹಿಗಿಂತ ಚೆನ್ನಾಗಿ ಹೇಳುತ್ತಾರೆ, ಒಂದೇ ಸಲ ಹೇಳುತ್ತಾರೆ. ಆಮೇಲೆ ಕೈತೊಳೆಯುತ್ತ, "ನಿನ್ನದೇನಾಯ್ತು?" ಎಂದು ಕೇಳುತ್ತಾರೆ.