ಹೆಪ್ಪು ದಾಟುತ್ತೆ, ಹೆಂಗಸು ದಾಟೋ ಹಾಗಿಲ್ಲ: ತೋಡರ ಹಾಲುಮನೆ ಮತ್ತು ‘ನಾನು’

ನಮ್ಮ ದೇಹದಲ್ಲಿ ನಮ್ಮ ಜೀವಕೋಶಗಳಿಗಿಂತ ಬ್ಯಾಕ್ಟೀರಿಯಾಗಳೇ ಹತ್ತು ಪಟ್ಟು ಹೆಚ್ಚು, ಹಾಗಾಗಿ ‘ನಾನು’ ಅನ್ನೋದೇ ಭ್ರಮೆ ಅನ್ನುವ ಮಾತು ಸಾಹಿತ್ಯದ ಚರ್ಚೆಗಳಿಗೂ ಬಂದಿದೆ. ಮೊದಲನೆಯದಾಗಿ ಲೆಕ್ಕವೇ ತಪ್ಪು. 2016ರಲ್ಲಿ ಸೆಂಡರ್, ಫುಕ್ಸ್ ಮತ್ತು ಮಿಲೊ ಕೊಟ್ಟ ಅಂದಾಜು: ಬ್ಯಾಕ್ಟೀರಿಯಾ 38 ಲಕ್ಷ ಕೋಟಿ, ನಮ್ಮ ಕೋಶ 30 ಲಕ್ಷ ಕೋಟಿ. ಹೆಚ್ಚುಕಡಿಮೆ ಸಮ. ಆದರೆ ನನ್ನ ತಕರಾರು ಇರೋದು ತೀರ್ಮಾನದ ಬಗ್ಗೆ. ಗಡಿ ಸಡಿಲವಾದ ಕೂಡಲೇ ಭೇದವೂ ಕರಗುತ್ತೆ ಅಂತ ನಾವು ಸಲೀಸಾಗಿ ನಂಬಿಬಿಡ್ತೀವಿ. ಮಧ್ಯೆ ಅಲ್ಲಮನನ್ನು ಎಳೆದು ತಂದರಂತೂ ಪ್ರಬಂಧ ಮುಗಿದ ಹಾಗೇ!

ಉದಕಮಂಡಲದ ಸುತ್ತಲಿನ ತೋಡರ ಬಗ್ಗೆ ಡಬ್ಲ್ಯೂ. ಎಚ್. ಆರ್. ರಿವರ್ಸ್ 1906ರಲ್ಲಿ ಪ್ರಕಟಿಸಿದ ‘ದಿ ತೋಡಾಸ್’ ಓದುವಾಗ ಈ ನಂಬಿಕೆ ಅಲುಗಾಡಿತು. ಪುಸ್ತಕದ ದೊಡ್ಡ ಪಾಲು ಎಮ್ಮೆ ಮತ್ತು ಹಾಲುಮನೆಯದು. ಹಾಲುಮನೆಯೇ ಅಲ್ಲಿ ಗುಡಿ, ಹಾಲು ಕಡೆಯುವವನೇ ಪೂಜಾರಿ. ಹಿಂದಿನ ಸಲ ಕಡೆದ ಮಜ್ಜಿಗೆಯಲ್ಲಿ ಒಂದಿಷ್ಟು ಉಳಿಸಿ ಹೊಸ ಹಾಲಿಗೆ ಬೆರೆಸ್ತಾರೆ. ಅದರ ಹೆಸರು ‘ಪೆಪ್’. ನಮ್ಮ ‘ಹೆಪ್ಪು’ ಕಿವಿಯಲ್ಲಿ ಮೊಳಗದೇ ಇರದು, ಪಕಾರ ಹಕಾರವಾದ ಭಾಷೆ ನಮ್ಮದು. (ವ್ಯುತ್ಪತ್ತಿಯ ವಾದ ಹೂಡುತ್ತಿಲ್ಲ, ಭಾಷಾವಿಜ್ಞಾನದ ಮೇಷ್ಟ್ರು ಕ್ಷಮಿಸಬೇಕು.) ಪೂಜಾರಿ ಬದಲಾಗ್ತಾನೆ, ಪೆಪ್ ಮುಂದುವರಿಯುತ್ತೆ. ಮೈಲಿಗೆಯಾದರೆ ಹೊಸ ಪೆಪ್ ಮಾಡೋದಕ್ಕೇ ಬೇರೆ ವಿಧಿಯಿದೆ. ಅಂದರೆ ಹಾಲುಮನೆಯ ಗುರುತು ಯಾವ ಒಬ್ಬನಲ್ಲೂ ಇಲ್ಲ, ಹುದುಗಿನಲ್ಲಿದೆ. ಸೂಕ್ಷ್ಮಜೀವಿಗಳ ಹೆಸರೆತ್ತದೆ ಕಟ್ಟಿದ ಇಂಥ ವಿಚಾರ ನನಗೆ ನಿಜಕ್ಕೂ ದೊಡ್ಡದು ಅನ್ನಿಸ್ತು.

ಅದೇ ಪುಸ್ತಕದಲ್ಲಿ ಇನ್ನೊಂದು ವಿವರ ಇದೆ. ಹೆಂಗಸರು ಹಾಲುಮನೆಯ ಒಳಗೆ ಹೋಗೋ ಹಾಗಿಲ್ಲ. ಮಜ್ಜಿಗೆ ಇಸಕೊಳ್ಳೋಕೆ ಅವರಿಗೇ ಗೊತ್ತುಮಾಡಿದ ದಾರಿ, ನಿಲ್ಲೋಕೆ ಗೊತ್ತುಮಾಡಿದ ಜಾಗ. ಅಲ್ಲಿ ನಿಂತವಳ ಪಾತ್ರೆಗೆ ಬೀಳೋದು ಒಳಗೆ ಕಡೆದದ್ದೇ. ಜೀವಾಣು ಹೊಸ್ತಿಲು ದಾಟಿ ಅವಳ ಹೊಟ್ಟೆ ಸೇರುತ್ತೆ, ಅವಳು ದಾಟೋ ಹಾಗಿಲ್ಲ. ಕುಡಿದ ಮಜ್ಜಿಗೆಯ ಬ್ಯಾಕ್ಟೀರಿಯಾ ಕರುಳಲ್ಲಿ ಬಹುಕಾಲ ನೆಲೆಸೋದು ಅಪರೂಪ, ಹೆಚ್ಚಿನವು ಹಾದುಹೋಗ್ತವೆ, ಒಪ್ತೀನಿ. ಆದರೂ ಹಂಚಿಕೆ ಇದ್ದೇ ಇದೆ, ಹೊಸ್ತಿಲೂ ಹಾಗೇ ಇದೆ.

2012ರಲ್ಲಿ ಗಿಲ್ಬರ್ಟ್, ಸ್ಯಾಪ್, ಟೌಬರ್ ತಮ್ಮ ಲೇಖನದಲ್ಲಿ ನಾವು ಎಂದೂ ಬಿಡಿ ವ್ಯಕ್ತಿಗಳಾಗಿರಲಿಲ್ಲ ಎಂದರು. ಜೀವಶಾಸ್ತ್ರದ ಮಾತಾಗಿ ಅದು ಗಟ್ಟಿಯಾದದ್ದೇ. ಅದನ್ನು ವಿಮರ್ಶೆಗೆ ತರುವ ನಾವು ಮಾತ್ರ ‘ನಾವು’ ಅನ್ನೋದರಲ್ಲಿ ಯಾರು ಒಳಗೆ, ಯಾರು ದಾರಿಯಲ್ಲಿ ಅಂತ ಕೇಳೋದನ್ನ ಬಿಡ್ತೀವಿ. ರಿವರ್ಸ್ ಕೂಡ ಕಡೆಯುವ ಗಂಡಸಿನ ಒಂದೊಂದು ಚಲನೆಯನ್ನೂ ಪುಟಗಟ್ಟಲೆ ಬರೀತಾರೆ. ಪಾತ್ರೆ ಹಿಡಿದು ನಿಂತವಳಿಗೆ ಸಿಕ್ಕ ಜಾಗ ಬಹಳ ಚಿಕ್ಕದು.