‘ಚಕ್ರ’ವೆಂಬ ಮಾತೂ ಭಾರಿ ಕೈಗಾರಿಕೆಯ ಸಂಶೋಧನೆಯ ನಿರೂಪಣೆಯೂ

ಒಂದು ಕೈಗಾರಿಕೆಯ ಕಸವು ಮತ್ತೊಂದರ ಮೂಲದ್ರವ್ಯವಾಗುವ ಬಗೆಯನ್ನು ಶೋಧಿಸುವ ಶಾಸ್ತ್ರಕ್ಕೆ ಈಚೆಗೆ ಕನ್ನಡದಲ್ಲಿ ‘ವರ್ತುಲ ಆರ್ಥಿಕತೆ’, ‘ಚಕ್ರೀಯ ಆರ್ಥಿಕತೆ’ ಎಂಬ ಹೆಸರುಗಳು ಬಳಕೆಗೆ ಬಂದಿವೆ. ಹೆಸರಿನ ಸಾಧುತ್ವವನ್ನು ಚರ್ಚಿಸುವವರು ಹಲವರು. ಆ ಶಾಸ್ತ್ರದ ವಿಧಾನವನ್ನು ವಾಚಕರಿಗೆ ತಿಳಿಯಹೇಳುವವರು ವಿರಳ. ನಮ್ಮ ಆಕ್ಷೇಪವು ಈ ಎರಡನೆಯದನ್ನು ಕುರಿತದ್ದು.

ಯಾದಗಿರಿ, ಶಹಾಪುರ, ಸುರಪುರಗಳ ಅಧ್ಯಾಪಕರಿಗೆ ಇದರ ಉದಾಹರಣೆಯು ದೂರದಲ್ಲಿಲ್ಲ. ಯಾದಗಿರಿಯಿಂದ ಉತ್ತರಕ್ಕೆ, ರೈಲುಮಾರ್ಗದಲ್ಲಿಯೇ, ವಾಡಿಯ ಸಿಮೆಂಟಿನ ಕಾರ್ಖಾನೆ; ದಕ್ಷಿಣಕ್ಕೆ, ಕೃಷ್ಣೆಯ ದಡದಲ್ಲಿ, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ಕೇಂದ್ರ. ಮೊದಲನೆಯದು ಸುಣ್ಣಕಲ್ಲನ್ನು ಸುಡುತ್ತದೆ, ಎರಡನೆಯದು ಕಲ್ಲಿದ್ದಲನ್ನು. ಶುದ್ಧವಾದ ಸುಣ್ಣಕಲ್ಲನ್ನು 100 ಭಾಗ ಸುಟ್ಟರೆ 44 ಭಾಗವು ಇಂಗಾಲಾಮ್ಲವಾಯುವಾಗಿ ಹಾರಿಹೋಗುವುದಷ್ಟೆ. ಕಲ್ಲಿದ್ದಲಿನ ಹಾರುಬೂದಿಯನ್ನು ಪೊಝೊಲಾನಾ ಸಿಮೆಂಟಿನಲ್ಲಿ ನೂರಕ್ಕೆ 15ರಿಂದ 35ರವರೆಗೆ ಬೆರಸಲು ಭಾರತೀಯ ಮಾನಕವು ಸಮ್ಮತಿಸುತ್ತದೆ. ಬೂದಿಯು ಸೇರಿದಷ್ಟೂ ಸುಡಬೇಕಾದ ಕಲ್ಲು ಕಡಮೆ. ಇಷ್ಟರಮಟ್ಟಿಗೆ ವಿಷಯವು ನಿರ್ವಿವಾದವಾದುದು.

ವಿವಾದವಿರುವುದು ಲೆಕ್ಕದ ಕ್ರಮದಲ್ಲಿ. ಬೂದಿಯನ್ನು ಕಸವೆಂದು ಗಣಿಸಿದರೆ ಕಲ್ಲಿದ್ದಲಿನ ಹೊಗೆಯ ಭಾರವೆಲ್ಲವೂ ವಿದ್ಯುತ್ತಿನ ಪಾಲಾಗಿ ಸಿಮೆಂಟು ನಿರ್ದೋಷಿಯಾಗುತ್ತದೆ. ಉಪೋತ್ಪನ್ನವೆಂದು ಗಣಿಸಿದರೆ ಆ ಭಾರದ ಒಂದಂಶವು ಸಿಮೆಂಟಿನ ತಲೆಯ ಮೇಲೂ ಬೀಳುತ್ತದೆ. ಬೂದಿಯು ಅದೇ, ಗೂಡೂ ಅದೇ. ಫಲವು ಮಾತ್ರ ಬೇರೆ. ಕೇಂದ್ರ ಸರಕಾರವು 1999ರಲ್ಲಿಯೂ ಮತ್ತೆ 2021ರಲ್ಲಿಯೂ ಬೂದಿಯ ವಿನಿಯೋಗವನ್ನು ಕುರಿತು ವಿಧಿಗಳನ್ನು ಪ್ರಕಟಿಸಿತು. ಬೇಡಿಕೆಯೂ ಬೆಲೆಯೂ ಒದಗಿದ ಪದಾರ್ಥವನ್ನು ಎಲ್ಲಿಯವರೆಗೆ ಕಸವೆನ್ನಬಹುದು? ಈ ಪ್ರಶ್ನೆಯನ್ನು ಎತ್ತದೆಯೇ ‘ಇಷ್ಟು ಹೊಗೆ ಉಳಿಯಿತು’ ಎಂದು ಸಾರುವ ಲೇಖನಗಳಲ್ಲಿ, ಸಾಧಿಸಬೇಕಾದುದೇ ಹೇತುವಿನೊಳಗೆ ಅಡಗಿ ಕುಳಿತಿರುತ್ತದೆ. ತಾರ್ಕಿಕರು ‘ಚಕ್ರಕ’ವನ್ನು ದೋಷಗಳಲ್ಲಿ ಎಣಿಸಿರುವುದು ಇಲ್ಲಿ ನೆನಪಾಗದಿರದು. ಸೂಕ್ಷ್ಮವಾಗಿ ನೋಡಿದರೆ ಇದು ಚಕ್ರಕವೂ ಅಲ್ಲ, ಆತ್ಮಾಶ್ರಯ!

ಚಕ್ರವೆಂಬ ಮಾತಾದರೂ ಪೂರ್ಣವಾಗಿ ಒಪ್ಪುವುದೇ? ಗೋಡೆಯನ್ನು ಸೇರಿದ ಬೂದಿಯು ಮರಳಿ ಕಲ್ಲಿದ್ದಲಾಗುವುದಿಲ್ಲ. ಅದರ ಪ್ರಯಾಣವು ಒಂದು ನಿಲ್ದಾಣದಷ್ಟು ನೀಳವಾಯಿತು, ಅಷ್ಟೆ.

ನಮ್ಮ ಶಾಸ್ತ್ರಗ್ರಂಥಗಳು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಆರಂಭದಲ್ಲಿಯೇ ಹೇಳುವ ಪದ್ಧತಿಯುಂಟು. ಈ ನೂತನಶಾಸ್ತ್ರದ ಲೇಖಕರು ಐದನೆಯದಾಗಿ ಸೀಮೆಯನ್ನೂ ಹೇಳಲಿ: ಲೆಕ್ಕವು ಗಣಿಯಿಂದ ಮೊದಲಾಯಿತೋ ಬೂದಿಯ ಹೊಂಡದಿಂದಲೋ, ಸಾಗಾಣಿಕೆಯು ಅದರಲ್ಲಿ ಸೇರಿತೋ ಇಲ್ಲವೋ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಿಟ್ಟಕ್ಕೂ ಈ ಮಾತು ಸಲ್ಲುವುದು. ಕಿಟ್ಟದ ಸಿಮೆಂಟಿನಲ್ಲಿ ಅದರ ಪ್ರಮಾಣವು ನೂರಕ್ಕೆ 70ರವರೆಗೂ ಇರಬಹುದಾದುದರಿಂದ, ಹೇಳದೆ ಬಿಟ್ಟ ಸೀಮೆಯು ಅಲ್ಲಿ ಫಲವನ್ನು ಇನ್ನೂ ಹೆಚ್ಚಾಗಿ ವ್ಯತ್ಯಾಸಗೊಳಿಸುತ್ತದೆ.