ಹಿಟ್ಟಿನ ಕೋಳಿ ಮತ್ತು ಒಂದು ಸುಳ್ಳು ಕನಸು

ಮನುಷ್ಯನಿಗೆ ಆತ್ಮವುಂಟೇ, ಅವನ ಇಚ್ಛೆ ಸ್ವತಂತ್ರವೇ, ಸ್ವಾರ್ಥವೇ ಅವನ ಹುಟ್ಟುಗುಣವೇ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ದರ್ಶನಗ್ರಂಥಗಳಲ್ಲಿ ಅರಸುವವರುಂಟು. ನನಗೆ ಅವು ಎದುರಾದದ್ದು ಕನ್ನಡ ತರಗತಿಯಲ್ಲಿ, ಜನ್ನನ ‘ಯಶೋಧರ ಚರಿತೆ’ಯ ಕಥೆಯನ್ನು ಹೇಳುತ್ತಿದ್ದಾಗ. ಹಿಟ್ಟಿನ ಕೋಳಿಯನ್ನು ಕಡಿದ ತಪ್ಪಿಗೆ ಅರಸನೊಬ್ಬನು ಪ್ರಾಣಿಜನ್ಮಗಳಲ್ಲಿ ತೊಳಲಿದನೆಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಹಾಗಾದರೆ ಆಯುಧಪೂಜೆಗೆ ಕುಂಕುಮ ತುಂಬಿದ ಕುಂಬಳಕಾಯಿ ಒಡೆಯುವ ನಮ್ಮ ಗತಿಯೇನು ಸಾರ್?” ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕು ಮುಂದೆ ಹೋದೆ. ಉತ್ತರ ಹೊಳೆಯದಿದ್ದಾಗ ಮೇಷ್ಟರುಗಳು ಮಾಡುವುದೇ ಹಾಗೆ.

ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನನು 1209ರಲ್ಲಿ ಈ ಕಾವ್ಯವನ್ನು ರಚಿಸಿದನು. ವಾದಿರಾಜನ ಸಂಸ್ಕೃತ ಕೃತಿ ಅದಕ್ಕೆ ಆಧಾರ. ಬಹುಮಟ್ಟಿಗೆ ಕಂದಪದ್ಯಗಳಲ್ಲಿ, ನಾಲ್ಕು ಅವತಾರಗಳಲ್ಲಿ ಹರಿದಿರುವ ಸಣ್ಣ ಕಾವ್ಯ. ಉಜ್ಜಯಿನಿಯ ಅರಸ ಯಶೋಧರನ ರಾಣಿ ಅಮೃತಮತಿ, ಕುರೂಪಿಯಾದ ಮಾವುತನ ಹಾಡಿಗೆ ಮನಸೋತು ಇರುಳು ಅವನಲ್ಲಿಗೆ ಹೋಗುತ್ತಾಳೆ. ತಡವಾಗಿ ಬಂದುದಕ್ಕೆ ಅವನಿಂದ ಪೆಟ್ಟು ತಿನ್ನುತ್ತಾಳೆ. ಹಿಂಬಾಲಿಸಿ ಬಂದ ಅರಸ ಅದನ್ನು ಕಂಡು ಕತ್ತಿಯೆತ್ತಿ, ಮತ್ತೆ ತನ್ನನ್ನು ತಾನೇ ತಡೆದುಕೊಂಡು ಹಿಂದಿರುಗುತ್ತಾನೆ. ತಾಯಿ ಚಂದ್ರಮತಿಗೆ ನಿಜವನ್ನು ಹೇಳದೆ, ಕೆಟ್ಟ ಕನಸು ಕಂಡೆನೆನ್ನುತ್ತಾನೆ. ಶಾಂತಿಗಾಗಿ ಬಲಿ ಕೊಡು ಎನ್ನುತ್ತಾಳೆ ತಾಯಿ. ಜೀವಹಿಂಸೆಗೆ ಮಗ ಒಪ್ಪನು. ಕೊನೆಗೆ ಹಿಟ್ಟಿನ ಕೋಳಿಯೆಂಬ ರಾಜಿ. ಕತ್ತಿ ಬಿದ್ದಾಗ ಅದರೊಳಗೆ ಹೊಕ್ಕಿದ್ದ ಬೆಂತರವೊಂದು ಕೂಗುತ್ತದೆ. ಮುಂದೆ ರಾಣಿ ತಾಯಿ ಮಗ ಇಬ್ಬರಿಗೂ ವಿಷವಿಕ್ಕುತ್ತಾಳೆ. ಅವರು ನವಿಲು ನಾಯಿಗಳಾಗಿ ಮೊದಲ್ಗೊಂಡು ಜನ್ಮಜನ್ಮಾಂತರ ಅಲೆಯುತ್ತಾರೆ.

ಹಿಟ್ಟಿಗೆ ಜೀವವಿಲ್ಲ, ಹಾಗಾದರೆ ಪಾಪವೆಲ್ಲಿಂದ ಬಂತು? ಜೈನಮತದಲ್ಲಿ ಜೀವ ಅನಾದಿ. ಅದನ್ನು ಶಿಕ್ಷಿಸುವ, ಕ್ಷಮಿಸುವ ದೇವರು ಮೇಲೆ ಕುಳಿತಿಲ್ಲ. ಕಷಾಯಗಳಿಂದ ಕೂಡಿದ ಮನಸ್ಸಿನ ನಡೆಯೇ ಕರ್ಮವನ್ನು ಜೀವಕ್ಕೆ ಅಂಟಿಸುತ್ತದೆ. ಆದುದರಿಂದ ಕೈ ಕಡಿದದ್ದು ಹಿಟ್ಟನ್ನಾದರೂ ಮನಸ್ಸು ಕಡಿದದ್ದು ಕೋಳಿಯನ್ನೇ. ಇದು ಸಂಕಲ್ಪಹಿಂಸೆ. ನಮ್ಮ ವಿಮರ್ಶಕರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತಾರೆ.

ನನಗೆ ಮಾತ್ರ ಮೊದಲ ಏಟು ಬಿದ್ದದ್ದು ಹಿಟ್ಟಿನ ಮೇಲಲ್ಲ ಎನಿಸುತ್ತದೆ. ಎತ್ತಿದ ಕತ್ತಿಯನ್ನು ಅರಸನು ತಡೆದ ಕ್ಷಣವನ್ನು ನೋಡಿರಿ. ಸಿಟ್ಟು ಇದೆ, ಅಧಿಕಾರ ಇದೆ, ಕಾರಣವೂ ಇದೆ. ಆದರೂ ಕೈ ನಿಂತಿತು. ಮನುಷ್ಯನು ಬರಿಯ ಸ್ವಾರ್ಥದ ಯಂತ್ರವಾಗಿದ್ದರೆ ಈ ನಿಲುಗಡೆಗೆ ಅರ್ಥವಿಲ್ಲ. ಇಡೀ ಕಾವ್ಯದಲ್ಲಿ ಯಶೋಧರನು ನಿಜವಾಗಿ ಸ್ವತಂತ್ರನಾಗಿದ್ದ ಗಳಿಗೆ ಅದು. ಮರುದಿನ ಏನಾಯಿತು? ನೈದಿಲೆಯ ಹೂವಿನಿಂದ ರಾಣಿಯನ್ನು ಹಗುರವಾಗಿ ಹೊಡೆದನು. ಮಾವುತನ ಪೆಟ್ಟು ತಾಳಿದವಳು ಹೂವಿನ ಪೆಟ್ಟಿಗೆ ಮೂರ್ಛೆಹೋದಳು. ಎಷ್ಟು ಸೊಗಸಾದ ವ್ಯಂಗ್ಯ! ಆದರೆ ವ್ಯಂಗ್ಯಕ್ಕೆ ಸಮಯವಿದ್ದ ಗಂಡನಿಗೆ “ಯಾಕೆ ಹೋದೆ?” ಎಂದು ಒಂದು ಮಾತು ಕೇಳಲು ಸಮಯವಿರಲಿಲ್ಲ. ತಾಯಿಯ ಮುಂದೆಯೂ ನಿಜ ನುಡಿಯಲಿಲ್ಲ. ಅದು ತಾಯಿಯ ಮೇಲಿನ ಕರುಣೆಯೆಂದು ಹೇಳಬಹುದು. ರಾಜನ ಮರ್ಯಾದೆಯ ಚಿಂತೆಯೆಂದು ನಾನು ಹೇಳುತ್ತೇನೆ. ಸ್ವಾರ್ಥವು ಸ್ವಾರ್ಥದ ವೇಷದಲ್ಲಿ ಬರುವುದು ಅಪರೂಪ. ಆ ಸುಳ್ಳಿನಿಂದ ತಾಯಿಗೆ ಭಯ, ಭಯದಿಂದ ಬಲಿಯ ಹಟ, ಹಟದಿಂದ ಹಿಟ್ಟಿನ ಕೋಳಿ. ಪ್ರತಿ ಮೆಟ್ಟಿಲಿನಲ್ಲಿಯೂ ನಿಲ್ಲಬಹುದಾಗಿತ್ತು, ಮತ್ತು ನಿಲ್ಲಲು ಅವನು ಬಲ್ಲನೆಂದು ಹಿಂದಿನ ರಾತ್ರಿಯೇ ತೋರಿಸಿದ್ದನು.

ಇಲ್ಲಿ ಜನ್ನನ ಮೇಲೆ ನನ್ನದೊಂದು ತಕರಾರಿದೆ. ಅಮೃತಮತಿಯ ವಿಷಯಕ್ಕೆ ಬಂದಾಗ ಕವಿಯು ಕಾಮನ ಮಾಯೆಯನ್ನೂ ವಿಧಿಯ ಆಟವನ್ನೂ ಜೊತೆಗೂಡಿಸಿ ಹೊಣೆ ಮಾಡುತ್ತಾನೆ. ಅವೆರಡರ ಕೈಗೊಂಬೆ ಅವಳಾದರೆ ಅವಳಿಗೆ ನರಕವೇಕೆ? ಅರಸನಿಗೆ ಪ್ರತಿ ಹೆಜ್ಜೆಯಲ್ಲಿ ಆಯ್ಕೆಯಿತ್ತು. ಅವನೂ ತಾಯಿಯೂ ಬಹು ಜನ್ಮಗಳ ಬಳಿಕ ಅಭಯರುಚಿ, ಅಭಯಮತಿಯರಾಗಿ ಹುಟ್ಟಿ, ನರಬಲಿಗೆ ನಿಂತ ಮಾರಿದತ್ತನ ಮನಸ್ಸನ್ನೇ ತಿರುಗಿಸುತ್ತಾರೆ. ರಾಣಿಗೆ ಮರಳುವ ದಾರಿಯನ್ನು ಕವಿ ತೋರಿಸುವುದಿಲ್ಲ. ವಿಷವಿಕ್ಕಿದ್ದು ಘೋರ ಪಾಪವೇ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಅವಳಿಗೂ ಒಂದು ಜೀವವಿತ್ತು. ಅದೇನು ಯೋಚಿಸಿತೆಂಬುದು ಅರಸನ ಕಣ್ಣಿಗೆ ಕಂಡಷ್ಟೇ ನಮಗೂ ಕಾಣುತ್ತದೆ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ರಾಣಿಗೆ ಬಾಯಿ ಕೊಟ್ಟದ್ದು ಈ ಕೊರತೆಯನ್ನು ಕಂಡೇ ಇರಬೇಕು.

ಕಾಸರಗೋಡಿನವರಾದ ನಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ತಾಳಮದ್ದಲೆ ಕೇಳಿ ಬೆಳೆದವರು ನಾವು. ಬಾಣ ತಿಂದು ಬಿದ್ದ ವಾಲಿಯೂ ರಾಮನನ್ನು ನಿಲ್ಲಿಸಿ ಕೇಳುವುದನ್ನು ಕೇಳಿದ್ದೇವೆ. ಒಳ್ಳೆಯ ಅರ್ಥಧಾರಿ ಸಿಕ್ಕಿದ ರಾತ್ರಿ ರಾಮನೇ ತಡವರಿಸಿದಂತೆ ತೋರಿದ್ದೂ ಉಂಟು. ಅಮೃತಮತಿಯ ಪಕ್ಷ ಹಿಡಿದು ಒಂದು ರಾತ್ರಿ ಮಾತಾಡಬಲ್ಲ ಅರ್ಥಧಾರಿ ನಮ್ಮ ನಡುವೆ ಇದ್ದರೆ ನಾನು ಚಾಪೆ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಆ ಕುಂಬಳಕಾಯಿಯ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು, ಅವನಿಗೂ ಪಕ್ಕದಲ್ಲಿ ಜಾಗ ಹಿಡಿದಿಡುವೆ. ಕಾಯಿ ಒಡೆಯುವಾಗ ನಿನ್ನ ಮನಸ್ಸಿನಲ್ಲಿ ಏನಿತ್ತು ಎಂದು ಅವನನ್ನು ಕೇಳುವುದು ಬಾಕಿಯಿದೆ.